ಎಲೆಕ್ಷನ್ ಮುಗಿಯಲಿ ಎಂದ ಮ್ಯಾನೇಜರ್

ರಾಣೆಬೆನ್ನೂರಿನ ಓದುಗರೊಬ್ಬರ ಪತ್ರ: ‘ಸರ್ಕಾರಿ ಶಾಲೆಗಳಿಗೆ ಡೆಸ್ಕು, ಬೆಂಚು ಮಾಡಿಕೊಡುತ್ತೇನೆ. ಸಿಸಿ ಲಿಮಿಟ್ (ವ್ಯವಹಾರ ನಡೆಸಲು ಬ್ಯಾಂಕು ಕೊಡುವ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ) ಜಾಸ್ತಿ ಮಾಡಿ ಎಂದರೆ ಬ್ಯಾಂಕ್ ಮ್ಯಾನೇಜರ್ “ಎಲೆಕ್ಷನ್ ಮುಗಿಯಲಿ, ನೋಡೋಣ” ಅಂದರು. ನನ್ನ ವರ್ಕ್‌ಶಾಪಿಗೂ ಎಲೆಕ್ಷನ್ನಿಗೂ ಏನು ಸಂಬಂಧ?’

ಸಂಪಾದಕರ ಉತ್ತರ:

ಸಂಬಂಧ ಇರುವುದು ನಿಮ್ಮ ಬಿಲ್ಲಿನಲ್ಲಿ. ಸಿಸಿ ಖಾತೆಯಿಂದ ಎಷ್ಟು ತೆಗೆಯಬಹುದು ಅನ್ನೋದನ್ನು ಬ್ಯಾಂಕು ನಿಮ್ಮ ಸ್ಟಾಕು ಮತ್ತು ನಿಮಗೆ ಬರಬೇಕಾದ ಬಾಕಿ ನೋಡಿ ಲೆಕ್ಕ ಹಾಕುತ್ತದೆ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನೀತಿ ಸಂಹಿತೆ ಬಂತೆಂದರೆ ಹೊಸ ಟೆಂಡರ್ ನಿಲ್ಲುತ್ತದೆ. ಸರ್ಕಾರ ಬದಲಾದರೆ ಹಳೇ ಕೆಲಸಗಳ ಫೈಲು ಮತ್ತೆ ಮೇಜಿನಿಂದ ಮೇಜಿಗೆ ಅಲೆಯುವುದುಂಟು. ಇಲಾಖೆ ಕೊಡಬೇಕಾದ 6 ಲಕ್ಷ ನಾಲ್ಕು ತಿಂಗಳು ಹಾಗೇ ಕೂತರೆ ಬ್ಯಾಂಕಿನ ಪಾಲಿಗೆ ಅದು ಸೊನ್ನೆ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಅದನ್ನು 90 ದಿನ ಕಟ್ಟದಿದ್ದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಮ್ಯಾನೇಜರ್ ಹೆದರುತ್ತಿರುವುದು ಈ ಮೂರ್ನಾಲ್ಕು ತಿಂಗಳಿಗೆ.

ಇದಕ್ಕಿಂತ ದೊಡ್ಡ ಭಯ, ಸಾಲದ ನಿಯಮವೇ ರಾತ್ರೋರಾತ್ರಿ ಬದಲಾದರೆ ಅನ್ನೋದು. 2010ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಬಡವರಿಗೆ, ಹೆಚ್ಚಾಗಿ ಹೆಂಗಸರಿಗೆ, ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳ ಮೇಲೆ ಸುಗ್ರೀವಾಜ್ಞೆ ತಂದಿತು. ವಸೂಲಿ ಕಿರುಕುಳಕ್ಕೆ ಕಡಿವಾಣ ಬೇಕೇ ಇತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಕಂತು ಕಟ್ಟುವುದು ಬಹುತೇಕ ನಿಂತೇ ಹೋಯಿತು. ಬೆದರಿದ ಬ್ಯಾಂಕುಗಳು ಉಳಿದ ರಾಜ್ಯಗಳ ಇಂಥ ಕಂಪನಿಗಳಿಗೂ ಸಾಲ ಕೊಡಲು ಕೈ ಬಿಗಿಹಿಡಿದವು. ಎಲ್ಲೋ ದೂರದಲ್ಲಿ ವಾರವಾರ ತಪ್ಪದೆ ಕಟ್ಟುತ್ತಿದ್ದ ಹೆಂಗಸರಿಗೂ ಮುಂದಿನ ಸಾಲ ಸಿಗುವುದು ಕಷ್ಟವಾಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ದೊಡ್ಡ ಕಂಪನಿ ಬಾಂಡ್ ಮಾರಿಯಾದರೂ ದುಡ್ಡು ಎತ್ತುತ್ತದೆ. ನಿಮ್ಮಂಥವರಿಗೆ ಬ್ಯಾಂಕು ಬಾಗಿಲು ಹಾಕಿದರೆ ಮೀಟರ್ ಬಡ್ಡಿಯೇ ಗತಿ, ಅಲ್ವಾ?

ಹಾಗಂತ ಸುಮ್ನೆ ವಾಪಸ್ ಬರಬೇಡಿ. ಮಾಲು ಕೊಡುವ ಮೊದಲೇ ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದರೆ, ಅಂಥ ಉದ್ಯಮಗಳಿಗಾಗಿಯೇ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಪರ ಇದೆ. ಕೊಂಡವರು ಸರ್ಕಾರಿ ಇಲಾಖೆಯೇ ಆಗಲಿ, ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಂದ್ರ ಸರ್ಕಾರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಮತ್ತೆ ಆರ್ಡರ್ ಸಿಗುತ್ತೋ ಇಲ್ಲವೋ ಎಂಬ ಅಳುಕು ನಿಮಗಿರಬಹುದು. ಆ ಅಳುಕು ಸುಳ್ಳಲ್ಲ. ಆದರೂ ಇಲಾಖೆಗೆ ಕನಿಷ್ಠ ಒಂದು ನೆನಪೋಲೆ ಬರೆದು, ಅದರ ಪ್ರತಿಯನ್ನು ಬ್ಯಾಂಕಿಗೆ ಕೊಡಿ.

ಲಿಮಿಟ್ ಹೆಚ್ಚಿಸುವ ಕೋರಿಕೆಯನ್ನೂ ಬಾಯಲ್ಲಿ ಹೇಳಬೇಡಿ. ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಕೊಡದಿದ್ದರೆ ಮೊದಲು ಬ್ಯಾಂಕಿಗೇ ದೂರು ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.