ಇಂಗ್ಲಿಷ್ ಮಾತಿನಲ್ಲಿ ಇಂಚಿಗಿಂತ ಚಿಕ್ಕ ಅಳತೆ ಹೇಗೆ ಹೇಳ್ತಾರೆ?

ಅಮೆರಿಕಕ್ಕೆ ಕೆಲಸಕ್ಕೆ ಹೊರಟಿದ್ದೀರಿ, ಅಲ್ಲಿ ಮಿಲಿಮೀಟರ್, ಸೆಂಟಿಮೀಟರ್ ಅಂದರೆ ನಡೆಯುತ್ತದಾ ಅಂತ ಕೇಳಿದ್ದೀರಿ. ಅರ್ಥ ಆಗುತ್ತದೆ. ಆದರೆ ಅವರು ದಿನದ ಮಾತಿನಲ್ಲಿ ಹಾಗೆ ಹೇಳುವುದು ಕಡಿಮೆ. ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕ, ಇಂಗ್ಲೆಂಡ್ ಎರಡೂ ಕಡೆಯ ಗಿರಾಕಿಗಳಿಗೆ ಡ್ರಾಯಿಂಗ್ ಮಾಡಿದವನು. ಕೇಳಿ ಕಲಿತದ್ದನ್ನು ಹೇಳುತ್ತೇನೆ.

ಅಮೆರಿಕದವರು ಇಂಚನ್ನು ಅರ್ಧ ಮಾಡುತ್ತಾ ಹೋಗುತ್ತಾರೆ. ಅರ್ಧ, ಕಾಲು, ಎಂಟನೇ ಒಂದು, ಹದಿನಾರನೇ ಒಂದು. ಹಳೇ ಲೆಕ್ಕದಲ್ಲಿ ನಮ್ಮವರು ಹದಿನಾರನೇ ಒಂದು ಭಾಗಕ್ಕೆ ವೀಸ ಅನ್ನುತ್ತಿದ್ದರಲ್ಲ, ಅದೇ ದಾರಿ. ಅಲ್ಲಿನ ಟೇಪು ಸಿಕ್ಕರೆ ಒಂದು ಇಂಚನ್ನು ಮಾತ್ರ ಹತ್ತಿರ ಹಿಡಿದು ನೋಡಿ. ಅರ್ಧದ ಗೀಟು ಉದ್ದ, ಕಾಲಿನದು ಸ್ವಲ್ಪ ಗಿಡ್ಡ, ಎಂಟರದು ಇನ್ನೂ ಗಿಡ್ಡ, ಹದಿನಾರರದು ಎಲ್ಲಕ್ಕಿಂತ ಗಿಡ್ಡ. ‘ಫೈವ್ ಏಯ್ಟ್ಸ್’ ಅಂದರೆ ಅರ್ಧದ ಗೀಟು ದಾಟಿದ ಮೇಲೆ ಸಿಗುವ ಮೊದಲ ಎಂಟರ ಗೀಟು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 16 ಮಿಲಿಮೀಟರ್. ಇಂಚು ಅನ್ನುವ ಪದವನ್ನು ಎಷ್ಟೋ ಸಲ ಬಾಯಲ್ಲಿ ಹೇಳುವುದೇ ಇಲ್ಲ. ಇದನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಿ, ಗುಣಾಕಾರ ಮಾಡುತ್ತಾ ಕೂರಬೇಡಿ.

ಜಾಸ್ತಿ ಹುಷಾರಾಗಿರಬೇಕಾದ್ದು ‘ಮಿಲ್’ ಅನ್ನುವ ಪದದ ಹತ್ತಿರ. ಇಂಗ್ಲೆಂಡಿನವರು ‘ಫೈವ್ ಮಿಲ್’ ಅಂದರೆ 5 ಮಿಲಿಮೀಟರ್. ಅಡುಗೆ, ಔಷಧಿ ವಿಷಯ ಬಂದರೆ ಅದೇ ಮಾತು ಮಿಲಿಲೀಟರ್ ಆಗುತ್ತದೆ. ಅಮೆರಿಕದಲ್ಲಿ ಪ್ಲಾಸ್ಟಿಕ್ ಹಾಳೆ, ಬಣ್ಣದ ಪದರ, ಸರ್ಕ್ಯೂಟ್ ಬೋರ್ಡ್ ಕೆಲಸದವರು ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಇಂಚು ಅಂದರೆ ಸರಿಯಾಗಿ 25.4 ಮಿಲಿಮೀಟರ್. ಹಾಗಾಗಿ ಅವರ ಐದು ಮಿಲ್ ಬರೀ 0.127 ಮಿಲಿಮೀಟರ್. ಸುಮಾರು 40 ಪಟ್ಟು ವ್ಯತ್ಯಾಸ!

ನಮ್ಮಲ್ಲಿ ಆದದ್ದೂ ಇದೇ. ಪೆಟ್ಟಿಗೆಯ ಒಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಐದು ಮಿಲ್ ಇರಲಿ ಅಂತ ಅಮೆರಿಕದ ಗಿರಾಕಿ ಫೋನಿನಲ್ಲಿ ಹೇಳಿದರು. ನಾನು 5 ಮಿಲಿಮೀಟರ್ ಜಾಗ ಬಿಟ್ಟು ಡ್ರಾಯಿಂಗ್ ಕಳಿಸಿದೆ. ಮಾದರಿ ತಯಾರಾಗಿ ಬಂದಾಗ ಒಳಗಿಟ್ಟ ಭಾಗ ಗಡಗಡ ಅಲ್ಲಾಡಿತು. ಅಚ್ಚು ಮತ್ತೆ ಮಾಡಿಸಬೇಕಾಯಿತು. ಆಮೇಲೆ ಯಾರು ಮಿಲ್ ಅಂದರೂ ‘ಮಿಲಿಮೀಟರಾ, ಥೌ ನಾ?’ ಅಂತ ಕೇಳಿಯೇ ಬರೆದುಕೊಳ್ಳುತ್ತೇನೆ. ಥೌ ಅಂದರೂ ಇಂಚಿನ ಸಾವಿರದಲ್ಲಿ ಒಂದೇ. ಲೇತ್ ಕೆಲಸದವರಿಗೆ ಎರಡೂ ದೇಶಗಳಲ್ಲಿ ಗೊತ್ತಿರುವ ಪದ, ಅದರಲ್ಲಿ ಗೊಂದಲ ಇಲ್ಲ.

ಇನ್ನು ಇಂಗ್ಲೆಂಡ್. ಅಲ್ಲಿ ಕಟ್ಟಡದ ನಕ್ಷೆಯೆಲ್ಲ ಮಿಲಿಮೀಟರಿನಲ್ಲಿ. ಎರಡು ಮೀಟರ್ ಗೋಡೆಯೂ 2000 ಅಂತಲೇ ಇರುತ್ತದೆ. ಆದರೆ ಅದೇ ಜನ ತಮ್ಮ ಎತ್ತರ ಹೇಳುವಾಗ ಅಡಿ, ಇಂಚಿಗೆ ಬರುತ್ತಾರೆ. ‘ಫೈವ್ ಫುಟ್ ಸಿಕ್ಸ್’ ಅನ್ನುತ್ತಾರೆ. ಐದು ಅಡಿ ಆದರೂ ಮಾತಿನಲ್ಲಿ ಫೀಟ್ ಬದಲು ಫುಟ್. ಅದು ತಪ್ಪಲ್ಲ, ನೀವೂ ಹಾಗೇ ಹೇಳಬಹುದು.