ಪೊಲೀಸ್ ಚೆಕ್ ಅಂದರೆ ಅವಮಾನವಾ ಅಂತ ಕೇಳಿದ ತಂಗಿಗೆ

ಮಗನ ಶಾಲೆಯಲ್ಲಿ ಪೇರೆಂಟ್ ಗವರ್ನರ್ (ಶಾಲೆಯ ಆಡಳಿತ ಮಂಡಳಿಗೆ ತಂದೆತಾಯಿಯರು ಆರಿಸುವ ಪ್ರತಿನಿಧಿ) ಚುನಾವಣೆ ಇದೆ, ನಿಲ್ಲಲು ಆಸೆ, ಆದರೆ ಕ್ರಿಮಿನಲ್ ರೆಕಾರ್ಡ್ ಚೆಕ್ ಮಾಡಿಸಬೇಕಂತೆ, ಇದೇನಣ್ಣಾ ಅವಮಾನ ಅಂತ ಕೇಳಿದ್ದೀಯ. ಇಂಗ್ಲೆಂಡಿಗೆ ಬಂದು ಇನ್ನೂ ಎರಡು ವರ್ಷ ಆಗಿಲ್ಲ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ನಿಲ್ಲಬಹುದಾ ಅಂತಲೂ ಕೇಳಿದ್ದೀಯ. ಅಣ್ಣಾ ಅಂತ ಕರೆದಿದ್ದೀಯಲ್ಲ, ಅದಕ್ಕೇ ಸಲುಗೆಯಿಂದ ಬರೆಯುತ್ತಿದ್ದೇನೆ.

ಪಾಸ್‌ಪೋರ್ಟಿನ ಚಿಂತೆ ಬಿಡು. ಗವರ್ನರ್ ಆಗಲು ಬ್ರಿಟಿಷ್ ಪ್ರಜೆ ಆಗಿರಬೇಕಿಲ್ಲ. ಸಂಬಳ ಇಲ್ಲದ ಕೆಲಸವಾದ್ದರಿಂದ ಈ ಚೆಕ್ ಮಾಡುವ ಸರ್ಕಾರಿ ಇಲಾಖೆ ಡಿಬಿಎಸ್ ಫೀಸೂ ಕೇಳುವುದಿಲ್ಲ. ಪಾರ್ಕಿಂಗ್ ದಂಡ ಕಟ್ಟಿದ್ದೆಲ್ಲ ಆ ಚೆಕ್‌ನಲ್ಲಿ ಬರುವುದಿಲ್ಲ.

ಇನ್ನು ಅವಮಾನದ ಮಾತು. ನಮ್ಮ ಕಡೆ ಪೊಲೀಸರು ಮನೆ ಬಾಗಿಲಿಗೆ ಬಂದರೆ ಹೇಗಿರುತ್ತೆ ಅಂತ ನಿನಗೆ ಹೇಳಬೇಕಾ? ನಾನು ಇಲ್ಲಿಗೆ ಬರುವ ಮುಂಚೆ ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಪೇದೆಯೊಬ್ಬರು ಬಂದಿದ್ದರು. ಅವರು ಕಾಫಿ ಕುಡಿದು ಹೋದ ಮೇಲೂ ಅಮ್ಮ ಒಂದು ವಾರ ಎದುರು ಮನೆಯವರಿಗೆ ಸಮಜಾಯಿಷಿ ಕೊಡುತ್ತಲೇ ಇದ್ದರು. 'ನಮ್ಮ ಮನೆತನದಲ್ಲಿ ಯಾರೂ ಸ್ಟೇಷನ್ ಮೆಟ್ಟಿಲು ಹತ್ತಿದವರಲ್ಲ' ಅನ್ನುವುದು ಅಪ್ಪನ ಮಾತು. ಅದನ್ನು ಹೊತ್ತುಕೊಂಡೇ ನಾನು ವಿಮಾನ ಹತ್ತಿದ್ದು.

2016ರ ಅಕ್ಟೋಬರ್‌ನಲ್ಲಿ ಮಗಳ ಶಾಲೆಗೆ ಪೇರೆಂಟ್ ಗವರ್ನರ್ ಆಗಿ ಗೆದ್ದೆ. ಅದೇ ವರ್ಷ ಮಾರ್ಚ್‌ನಲ್ಲಿ ನಿಯಮ ಬದಲಾಗಿತ್ತು. ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ಕೈಕೆಳಗಿನ ಶಾಲೆಗಳ ಗವರ್ನರುಗಳಿಗೆಲ್ಲ ಎನ್‌ಹ್ಯಾನ್ಸ್ಡ್ ಡಿಬಿಎಸ್, ಅಂದರೆ ಇನ್ನೂ ಆಳವಾದ ಚೆಕ್, ಕಡ್ಡಾಯ. ಹೊಸಬರು ಬಂದ 21 ದಿನದೊಳಗೆ ಅರ್ಜಿ ಹೋಗಬೇಕು. ಒಪ್ಪದಿದ್ದರೆ ಸ್ಥಾನ ಹೋಗುತ್ತದೆ.

ಫಾರ್ಮ್ ಬಂತು. ಹುಟ್ಟಿದಾಗಿನಿಂದ ನಿಮಗೆ ಇದ್ದ ಎಲ್ಲ ಹೆಸರುಗಳನ್ನೂ ಬರೆಯಿರಿ ಅಂತ ಇತ್ತು. ನಮ್ಮ ಹೆಸರುಗಳ ಪಾಡು ಗೊತ್ತಲ್ಲ! ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಊರು ಮತ್ತು ಅಪ್ಪನ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಇಲ್ಲಿನ ಬ್ಯಾಂಕಿನಲ್ಲಿ ಹಿಂದುಮುಂದು. ಹೆಸರು ಬದಲಾಯಿಸಿಕೊಂಡು ತಿರುಗುವ ಕಳ್ಳ ಅಂದುಕೊಂಡಿದ್ದಾರಾ ಅಂತ ಮೈ ಉರಿಯಿತು. ಕಂದು ಚರ್ಮದವನು ಅಂತ ತಾನೇ ಇದೆಲ್ಲ ಅಂತಲೂ ಅನ್ನಿಸಿತು. ಯಾರನ್ನೂ ಕೇಳಲಿಲ್ಲ. ಖಾರವಾಗಿ ಒಂದು ಪತ್ರ ಬರೆದು ಹೊರಬಂದೆ.

ಪಕ್ಕದ ಮನೆಯಲ್ಲಿ ರಿಟೈರ್ ಆದ ಟೀಚರ್ ಒಬ್ಬರಿದ್ದಾರೆ, ಅವರೂ ಬೇರೊಂದು ಶಾಲೆಯ ಗವರ್ನರ್. ತಿಂಗಳುಗಳಾದ ಮೇಲೆ ಮಾತು ಬಂತು. ಅವರೂ ಅದೇ ಫಾರ್ಮ್ ತುಂಬಿದ್ದರು, ಮದುವೆಗೆ ಮುಂಚಿನ ಹೆಸರು ಸಮೇತ. ಅವರ ಚರ್ಚಿನ ಪಾದ್ರಿಯೂ ತುಂಬಿದ್ದರು. ಆಮೇಲೆ ಸೋಹಮ್ ಕಥೆ ಹೇಳಿದರು. ನಾನಿರುವ ಪೀಟರ್‌ಬರೋದಿಂದ ಆ ಊರು ದೂರವೇನಲ್ಲ. 2002ರ ಆಗಸ್ಟ್‌ನಲ್ಲಿ ಅಲ್ಲಿ ಹತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳ ಕೊಲೆಯಾಯಿತು. ಕೊಂದವನು ಊರಿನ ಹೈಸ್ಕೂಲಿನ ಕೇರ್‌ಟೇಕರ್. ಅವನಿಗೆ ಎರಡು ಸರ್‌ನೇಮ್ ಇದ್ದವು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಪೊಲೀಸ್ ಕಂಪ್ಯೂಟರಿನಲ್ಲಿ ಒಂದನ್ನು ಮಾತ್ರ ಹುಡುಕಿದ್ದರು. ಹಳೆಯ ಆರೋಪಗಳು ಇದ್ದದ್ದು ಇನ್ನೊಂದು ಹೆಸರಿನಲ್ಲಿ, ಇನ್ನೊಂದು ಕೌಂಟಿಯಲ್ಲಿ. ಈ ಲೋಪಗಳ ಬಗ್ಗೆ ಸರ್ಕಾರ ಮಾಡಿಸಿದ 2004ರ ಬಿಚರ್ಡ್ ವಿಚಾರಣೆಯಲ್ಲಿ ಇದೆಲ್ಲ ಹೊರಬಿತ್ತು.

ಆಗ ನನ್ನ ಮಗಳಿಗೂ ಹತ್ತು ವರ್ಷ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಶಾಲೆಯ ಬಾಗಿಲ ಹತ್ತಿರ ಗವರ್ನರುಗಳ ಫೋಟೋ ಹಾಕಿರುತ್ತಾರೆ. ಅಪ್ಪನದು ಯಾವಾಗ ಬರುತ್ತೆ ಅಂತ ಅವಳು ದಿನಾ ನೋಡುತ್ತಿದ್ದಳಂತೆ. ಬರಲೇ ಇಲ್ಲ. ಗೇಟಿನ ಹತ್ತಿರ ನಿಂತು ನನಗೆ ಓಟು ಹಾಕಿ ಅಂತ ಕೇಳಿದ್ದೆನಲ್ಲ, ಆ ತಂದೆತಾಯಿಯರಿಗೂ ನಾನು ಕಾರಣ ಹೇಳಲಿಲ್ಲ. ಮುಂದಿನ ಚುನಾವಣೆ ಬರುವ ಹೊತ್ತಿಗೆ ಅವಳು ಬೇರೆ ಶಾಲೆಗೆ ಹೋಗಿಯಾಗಿತ್ತು. ಇವತ್ತಿಗೂ ಇದು ನನ್ನನ್ನು ಚುಚ್ಚುತ್ತದೆ.

ಅದಕ್ಕೇ ಹೇಳುತ್ತೇನೆ, ಹೆಸರಿನ ಜಾಗದಲ್ಲಿ ಒಂದನ್ನೂ ಬಿಡಬೇಡ. ಇನಿಷಿಯಲ್ ಇದ್ದದ್ದು, ಗಂಡನ ಹೆಸರು ಸೇರಿಸಿದ್ದು, ಎಲ್ಲ ಬರೆ. ಐದು ವರ್ಷದ ವಿಳಾಸವೂ ಬೇಕು, ಅಂದರೆ ಊರಿನದೂ ಬರುತ್ತದೆ. ಡಿಬಿಎಸ್ ನೋಡುವುದು ಇಲ್ಲಿನ ದಾಖಲೆ ಮಾತ್ರ. ಹಾಗಾಗಿ ಶಾಲೆಯವರು ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಬಹುದು. ಕೇಳಿದರೆ ಹೈ ಕಮಿಷನ್ ಮೂಲಕ ತಕ್ಷಣ ಹಾಕು, ತಡವಾಗುತ್ತದೆ. ಡಿಬಿಎಸ್ ಸರ್ಟಿಫಿಕೇಟ್ ಅಂಚೆಯಲ್ಲಿ ನಿನ್ನ ಕೈಗೇ ಬರುತ್ತದೆ, ನೀನೇ ತೋರಿಸಬೇಕು.

ಮುಂದೆ ಕೌನ್ಸಿಲರ್ ಆಗುವುದಾದರೂ ಇದೇ ಚೆಕ್ಕಾ ಅಂತಲೂ ಕೇಳಿದ್ದೀಯ. ಇಲ್ಲ. ಹಿಂದಿನ ಐದು ವರ್ಷದೊಳಗೆ ಮೂರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಆಗಿದ್ದರೆ ನಿಲ್ಲುವಂತಿಲ್ಲ, ಆದರೆ ನಾಮಪತ್ರದಲ್ಲಿ ನೀನೇ ಸಹಿ ಹಾಕಿ ಹೇಳುವುದು ಅದು. ನಮ್ಮಲ್ಲಿ ವಿಧಾನಸಭೆಗೆ ನಿಲ್ಲುವವರು ಬಾಕಿ ಇರುವ ಕೇಸುಗಳನ್ನೂ ಅಫಿಡವಿಟ್‌ನಲ್ಲಿ ಬರೆಯಬೇಕು, ಇಲ್ಲಿ ಅದೂ ಇಲ್ಲ. ಮಕ್ಕಳ ವಿಷಯ ನೋಡುವ ಸಮಿತಿಗಳಿಗೆ ಹೋಗುವ ಕೌನ್ಸಿಲರುಗಳಿಗೆ ಎನ್‌ಹ್ಯಾನ್ಸ್ಡ್ ಚೆಕ್ ಕಡ್ಡಾಯ ಮಾಡಿ ಅಂತ 2023ರಲ್ಲಿ ಮಾಜಿ ಪೊಲೀಸ್ ಅಧಿಕಾರಿ ಸೈಮನ್ ಬೈಲಿ ಅವರ ವರದಿ ಸಲಹೆ ಕೊಟ್ಟಿತು. ನನ್ನ ಕೇಳಿದರೆ ಅದು ಬೇಕೇ ಬೇಕು. ನಿನಗಂತೂ ಕೌನ್ಸಿಲ್‌ಗೆ ನಿಲ್ಲಲು ಮೊದಲು ಶಾಶ್ವತ ವಾಸದ ಅನುಮತಿ ಸಿಗಬೇಕು, ಅದು ಆಮೇಲಿನ ಮಾತು.

ನಾಮಪತ್ರಕ್ಕೆ ಶುಕ್ರವಾರ ಕೊನೆ ದಿನ ಅಂದಿದ್ದೀಯ. ಇವತ್ತೇ ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ಎರಡನ್ನೂ ಮುಂದಿಟ್ಟುಕೊಂಡು ನಿನ್ನ ಹೆಸರುಗಳ ಪಟ್ಟಿ ಮಾಡು. ಏನಾದರೂ ಅನುಮಾನ ಬಂದರೆ ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡು, ಕೂತು ತುಂಬೋಣ.