ಅಲ್ಮೇರಾ ಮುಚ್ಚಿ, ಹಗ್ಗ ನೋಡಿ

ತಂಗಿ, ನಮ್ಮ ಹೊಲಿಗೆ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಶಿವಮೊಗ್ಗದಿಂದ ಮಂಗಳೂರಿಗೆ ಕೆಲಸಕ್ಕೆ ಬಂದು ಒಂದು ವರ್ಷ ಆಯಿತು, ಅಲ್ಮೇರಾ ತುಂಬ ಬಟ್ಟೆ ಉಂಟು, ಬೆಳಿಗ್ಗೆ ಹೊರಡುವಾಗ ಹಾಕಲು ಒಂದೂ ಇಲ್ಲ. ರೀಲ್ಸ್ ನೋಡಿ ತೆಗೆದದ್ದೆಲ್ಲ ಯಾರದ್ದೋ ಬಟ್ಟೆ ಕೇಳಿ ಹಾಕಿಕೊಂಡ ಹಾಗೆ ಕಾಣುತ್ತದೆ. "ನನ್ನದೇ ಅನ್ನುವ ಸ್ಟೈಲ್ ಹೇಗೆ ಹುಡುಕುವುದು ಅಕ್ಕ" ಎಂದು ಕೇಳಿದ್ದೀರಿ. ಉತ್ತರ ಉದ್ದ ಆಗುತ್ತದೆ. ಚಹಾ ಮಾಡಿಕೊಂಡು ಬಂದು ಓದಿ.

ಮೇಲಿನ ಉತ್ತರದಲ್ಲಿ ಒಬ್ಬರು ಬಿಳಿ ಶರ್ಟ್, ನೀಲಿ ಜೀನ್ಸ್, ಕಪ್ಪು ಬ್ಲೇಜರ್ ಎಲ್ಲರ ಹತ್ತಿರ ಇರಲೇಬೇಕು ಎಂದು ಪಟ್ಟಿ ಹಾಕಿದ್ದಾರೆ. ಅವರಿಗೆ ಬೇಜಾರಾಗುವುದು ಬೇಡ. ಆದರೆ ಏಪ್ರಿಲ್ ತಿಂಗಳಲ್ಲಿ ಬ್ಲೇಜರ್ ಹಾಕಿ, ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ವರೆಗೆ ಸಿಟಿ ಬಸ್ಸಿನಲ್ಲಿ ನಿಂತು ಹೋಗಿ ಬರಲಿ. ಆಮೇಲೆ ಮಾತಾಡುವ.

ನಾನು ಹೇಳುವುದು ಖರ್ಚಿಲ್ಲದ ಕೆಲಸ. ಅಲ್ಮೇರಾ ಮುಚ್ಚಿಡಿ. ಬಟ್ಟೆ ಒಣ ಹಾಕುವ ಹಗ್ಗ ನೋಡಿ. ಮೂರು ಭಾನುವಾರ, ಒಗೆದು ಹರವಿದ ಮೇಲೆ, ಹಗ್ಗದಲ್ಲಿ ಏನೇನು ಉಂಟು ಎಂದು ಬರೆದುಕೊಳ್ಳಿ. ಈಗ ಮಳೆಗಾಲ ಆದದ್ದು ಒಳ್ಳೆಯದೇ ಆಯಿತು. ಬಟ್ಟೆ ಮೂರು ದಿನಕ್ಕೂ ಒಣಗುವುದಿಲ್ಲ ಅಲ್ವಾ? ಬೆಳಿಗ್ಗೆ ಎದ್ದು ಯಾವ ಕುರ್ತಾವನ್ನು ಮುಟ್ಟಿ ಮುಟ್ಟಿ ನೋಡುತ್ತೀರಿ, ಯಾವುದನ್ನು ಅರ್ಧ ಹಸಿ ಇರುವಾಗಲೇ ಇಸ್ತ್ರಿ ಹಾಕಿ ಒಣಗಿಸುತ್ತೀರಿ, ಅದಕ್ಕೆ ಎರಡು ಗೀಟು ಹಾಕಿ. ಅಲ್ಮೇರಾದಲ್ಲಿ 20 ಒಣ ಬಟ್ಟೆ ಇದ್ದರೂ ಆ ಒಂದು ಹಸಿ ಕುರ್ತಾವೇ ಬೇಕು ಅನಿಸುತ್ತದಲ್ಲ, ಯಾಕೆ? ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ನಾನು ಹೀಗೆ ಬರೆದಾಗ 14 ಕುರ್ತಾಗಳಲ್ಲಿ ನಾಲ್ಕೇ ತಿರುಗಿ ತಿರುಗಿ ಹಗ್ಗಕ್ಕೆ ಬರುತ್ತಿದ್ದವು. ನಾಲ್ಕನ್ನೂ ಹಾಸಿಗೆ ಮೇಲೆ ಹರವಿ ನೋಡಿದೆ. ಬಣ್ಣ ಬೇರೆ ಬೇರೆ. ಆದರೆ ನಾಲ್ಕೂ ಹತ್ತಿ, ನಾಲ್ಕಕ್ಕೂ ಮೊಣಕೈವರೆಗೆ ತೋಳು, ಮೂರಕ್ಕೆ ಕಿಸೆ. ನನ್ನದು ಕೌಂಟರ್ ಕೆಲಸ. ಉದ್ದ ತೋಳು ಹಾಕಿದರೆ ದಿನವಿಡೀ ಮೇಲೆ ಸರಿಸುತ್ತಾ ಇರುತ್ತೇನೆ. ಬಸ್ಸಿನ ಚಿಲ್ಲರೆ, ಬೀಗದ ಕೈ ಇಡಲು ಕಿಸೆ ಬೇಕೇ ಬೇಕು. ಅಷ್ಟು ವರ್ಷ ನಾನು ಬಟ್ಟೆ ತೆಗೆಯುವಾಗ ಬಣ್ಣವನ್ನೂ ಡಿಸೈನನ್ನೂ ನೋಡುತ್ತಿದ್ದೆ. ತೋಳು ನೋಡಿದ್ದೇ ಇಲ್ಲ!

ಹಗ್ಗಕ್ಕೆ ಬಾರದೇ ಇರುವುದಕ್ಕೂ ಕಾರಣ ಬರೆಯಿರಿ. "ಚೆಂದ ಇಲ್ಲ" ಎಂದು ಬರೆದರೆ ಆಗುವುದಿಲ್ಲ. ಕಂಕುಳಲ್ಲಿ ಬಿಗಿ, ಕುತ್ತಿಗೆ ಅಗಲ ಆಗಿ ಒಳ ಉಡುಪಿನ ಪಟ್ಟಿ ಕಾಣುತ್ತದೆ, ಕುಳಿತರೆ ಸೀಳು ಮೇಲೆ ಬರುತ್ತದೆ, ಹೀಗೆ. ನನ್ನ ಹತ್ತಿರ ಒಂದು ಹಸಿರು ಪಾಲಿಯೆಸ್ಟರ್ ಜಾರ್ಜೆಟ್ ಅನಾರ್ಕಲಿ ಇತ್ತು. ಜೊತೆಯಲ್ಲಿ ಕೆಲಸ ಮಾಡುವವಳಿಗೆ ಒಪ್ಪಿತ್ತು ಎಂದು ಅಂಥದ್ದೇ ತೆಗೆದದ್ದು. ಮೇ ತಿಂಗಳ ಮದುವೆ, ಏಸಿ ಇಲ್ಲದ ಹಾಲ್. ಊಟದ ಎರಡನೇ ಪಂಕ್ತಿ ಏಳುವಾಗ ನಾನು ಮದುಮಗಳನ್ನು ಬಿಟ್ಟು ಫ್ಯಾನನ್ನೇ ನೋಡುತ್ತಿದ್ದೆ.

ಇದಕ್ಕೆ ಲೆಕ್ಕ ಉಂಟು. 100 ಗ್ರಾಂ ಒಣ ಹತ್ತಿ ಸಾಧಾರಣ ಹವೆಯಲ್ಲೇ ಸುಮಾರು 8 ಗ್ರಾಂ ನೀರಿನ ಪಸೆಯನ್ನು ಹೀರಿ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹೀರುವುದಿಲ್ಲ. ಶಿವಮೊಗ್ಗದಲ್ಲಿ ನಡೆದ ಬಟ್ಟೆ ಇಲ್ಲಿನ ಬೆವರಿಗೆ ಯಾಕೆ ಮೈಗೆ ಅಂಟುತ್ತದೆ ಎಂದು ಈಗ ಗೊತ್ತಾಯಿತಲ್ಲ. ನಿಮ್ಮ ದೇಹದ್ದೂ ತಪ್ಪಿಲ್ಲ, ನಿಮ್ಮ ಅಭಿರುಚಿಯದ್ದೂ ತಪ್ಪಿಲ್ಲ. ಊರು ಬದಲಾಯಿತು, ಬಟ್ಟೆ ಬದಲಾಗಲಿಲ್ಲ. ರೇಯಾನ್ ಹೀರುತ್ತದೆ, ಮೈಗೆ ತಂಪು, ಚೆಂದ ಇಳಿಬೀಳುತ್ತದೆ. ಆದರೆ ಒದ್ದೆಯಾದಾಗ ಅದರ ನೂಲಿಗೆ ಬಲ ಕಡಿಮೆ, ಗಟ್ಟಿಯಾಗಿ ಹಿಂಡಬಾರದು. ಹತ್ತಿಗೆ ಆ ಹೆದರಿಕೆ ಇಲ್ಲ, ಒದ್ದೆಯಾದರೆ ಇನ್ನೂ ಗಟ್ಟಿ. ಒಂದೇ ತೊಂದರೆ, ದಪ್ಪ ಹತ್ತಿ ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಳು ಹತ್ತಿ, ಗಾಢ ಬಣ್ಣ, ಕಾಲಿನ ಗಂಟಿನಿಂದ ಮೇಲೆ ನಿಲ್ಲುವ ಪ್ಯಾಂಟ್. ನೆಲ ಗುಡಿಸುವ ಪಲಾಝೋ ಜ್ಯೋತಿ ಸರ್ಕಲ್‌ನಲ್ಲಿ ಇಳಿಯುವಾಗಲೇ ಮೊಣಕಾಲಿನವರೆಗೆ ನೀರು ಎಳೆದಿರುತ್ತದೆ.

ಬಣ್ಣದ ಬಗ್ಗೆ ಕೇಳಿದ್ದೀರಿ, ನೀವು ಕಪ್ಪು, ಯಾವುದು ಒಪ್ಪುತ್ತದೆ ಎಂದು. ಕಪ್ಪಿಗೆ ಇದು, ಬಿಳಿಗೆ ಅದು ಎಂಬ ಮಾತೆಲ್ಲ ಸುಮ್ನೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮಾತ್ರ ನಿರ್ಧಾರ ಮಾಡಬೇಡಿ, ಅಲ್ಲಿ ಮೆರೂನ್ ಆಗಿ ಕಂಡದ್ದು ಹೊರಗೆ ಬಂದರೆ ಕಂದು. ಥಾನನ್ನು ಬಾಗಿಲ ಹತ್ತಿರ ತನ್ನಿ ಎಂದು ಹೇಳಿ, ಹಗಲು ಬೆಳಕಿನಲ್ಲಿ ಗಲ್ಲದ ಕೆಳಗೆ ಹಿಡಿದು ನೋಡಿ. ಮೊದಲು ಮುಖ ಕಂಡರೆ ತೆಗೆಯಿರಿ, ಬಟ್ಟೆ ಕಂಡರೆ ಬಿಡಿ. ಪ್ಯಾಂಟಿಗೆ ಎರಡೇ ಬಣ್ಣ ಇಟ್ಟುಕೊಳ್ಳಿ. ನನ್ನದು ಕಡು ನೀಲಿ ಮತ್ತು ಕಂದು. ಬೆಳಿಗ್ಗೆಯ ಅರ್ಧ ತಲೆಬಿಸಿ ಅಲ್ಲಿಗೇ ಮುಗಿಯುತ್ತದೆ.

ಈಗ ಮುಖ್ಯ ವಿಷಯ, ಟೈಲರ್. ಇದು ಹೊಲಿಗೆ ಗುಂಪು, ಆದರೂ ಎಲ್ಲವನ್ನೂ ನೀವೇ ಹೊಲಿಯಿರಿ ಎಂದು ಹೇಳುವುದಿಲ್ಲ. ಹೊಸ ಟೈಲರ್ ಹತ್ತಿರ ಮೊದಲ ಸಲವೇ ದುಬಾರಿ ಬಟ್ಟೆ ಕೊಡಬೇಡಿ. ನಾನು ಒಂದು ಕಡೆ ಕೈಮಗ್ಗದ ಬಟ್ಟೆ ಕೊಟ್ಟು ಬಂದೆ. "ಫ್ಯಾಷನ್ ಹೀಗೇ ಮೇಡಂ" ಎಂದು ತೋಳನ್ನು ಎರಡು ಇಂಚು ಗಿಡ್ಡ ಮಾಡಿ ಕೊಟ್ಟರು. ಒಳಗೆ ಬಿಚ್ಚಲು ಬಟ್ಟೆಯೇ ಇಲ್ಲ, ಎಲ್ಲ ಕತ್ತರಿಸಿ ಅಂಚಿಗೆ ಇಂಟರ್‌ಲಾಕ್ ಹೊಲಿಗೆ ಹಾಕಿ ಆಗಿತ್ತು. ಆದ್ದರಿಂದ ಹೀಗೆ ಮಾಡಿ. ಹಗ್ಗದ ಪಟ್ಟಿಯಲ್ಲಿ ಮೊದಲು ಬಂದ ಕುರ್ತಾವನ್ನೇ ಅಳತೆಗೆ ಕೊಡಿ, ರವಿಕೆಗೆ ಅಳತೆ ರವಿಕೆ ಕೊಡುವುದಿಲ್ಲವಾ, ಹಾಗೆ. ಅದರಲ್ಲಿ ಏನು ಬದಲಾಗಬೇಕೋ ಅದನ್ನು ಚೀಟಿಯಲ್ಲಿ ಬರೆದು ಪಿನ್ ಮಾಡಿ: ತೋಳು ಒಂದು ಇಂಚು ಉದ್ದ, ಬಲಗಡೆ ಕಿಸೆ, ಬದಿಗೆ ಒಳಗೆ ಒಂದೊಂದು ಇಂಚು ಬಟ್ಟೆ ಬಿಡಬೇಕು. ಬಾಯಲ್ಲಿ ಹೇಳಿದ್ದು ಹಬ್ಬದ ಗಡಿಬಿಡಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಕೊಡುವ ಮೊದಲು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ಹತ್ತಿ ಮೊದಲ ನೀರಿಗೆ ಕುಗ್ಗುತ್ತದೆ, ಹೊಲಿದ ಮೇಲೆ ಕುಗ್ಗಿದರೆ ಟೈಲರಿಗೆ ಬೈದು ಪ್ರಯೋಜನ ಇಲ್ಲ. 44 ಇಂಚು ಅಗಲದ ಬಟ್ಟೆ ಎರಡೂವರೆ ಮೀಟರ್ ಇದ್ದರೆ ನಿಮ್ಮ ಐದಡಿ ಎತ್ತರಕ್ಕೆ ತೋಳು, ಕಿಸೆ ಎಲ್ಲ ಸೇರಿ ಧಾರಾಳ. ಮೊದಲನೆಯದು ಸರಿ ಬಂದರೆ ಅದೇ ಅಳತೆಗೆ ಇನ್ನೆರಡು ಹೊಲಿಸಿ, ಕುತ್ತಿಗೆ ಮಾತ್ರ ಬೇರೆ ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಬದಲಾಯಿಸಿದರೆ ಯಾವುದು ಒಪ್ಪಿತು, ಯಾವುದು ಕೆಡಿಸಿತು ಎಂದು ಗೊತ್ತಾಗುವುದಿಲ್ಲ.

"ಒಂದೇ ತರಹದ್ದು ಹಾಕಿದರೆ ಆಫೀಸಿನಲ್ಲಿ ಏನಾದರೂ ಹೇಳಿದರೆ?" ಎಂದೂ ಕೇಳಿದ್ದೀರಿ. ಉಡುಪಿಯಲ್ಲಿ ನನ್ನ ಭಾವ ಒಬ್ಬರು ಇದ್ದಾರೆ. 20 ವರ್ಷದಿಂದ ತಿಳಿನೀಲಿ ಅರ್ಧ ತೋಳಿನ ಅಂಗಿ. ಮದುವೆ ಹಾಲ್‌ನಲ್ಲಿ ಮಕ್ಕಳು ಕಳೆದುಹೋದರೆ "ನೀಲಿ ಅಂಗಿ ಮಾವನ ಹತ್ತಿರ ನಿಲ್ಲು" ಎಂದು ಮೊದಲೇ ಹೇಳಿಟ್ಟಿರುತ್ತೇವೆ. ಅವರಿಗೆ ಸ್ಟೈಲ್ ಇದೆಯಾ ಎಂದು ಕೇಳಿದರೆ ನಗುತ್ತಾರೆ ಮಾರಾಯ್ತಿ.

ವಾರಕ್ಕೊಂದು ದಿನ ಸೀರೆ ಉಡುವ ಆಸೆ ಎಂದಿರಿ. ಹಾಗಾದರೆ ಉಡುಪಿ ಸೀರೆ ನೋಡಿ, ಕೈಮಗ್ಗದ ಹತ್ತಿ. ಜಿಐ ಮಾನ್ಯತೆ, ಅಂದರೆ ಇದು ಈ ಊರಿನದೇ ವಿಶೇಷ ಎಂಬ ಸರಕಾರಿ ಗುರುತು, ಸಿಕ್ಕಿದ ಸೀರೆ ಅದು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ನೇಯುತ್ತಾರೆ, ಕದಿಕೆ ಟ್ರಸ್ಟ್ ಅವರ ಜೊತೆ ಸೇರಿ ಅದನ್ನು ಮತ್ತೆ ಎಬ್ಬಿಸುವ ಕೆಲಸ ಮಾಡುತ್ತಿದೆ. ಒಮ್ಮೆ ಹೋಗಿ ಮಗ್ಗ ನೋಡಿ ಬನ್ನಿ, ರಜೆಯ ದಿನ ಹೇಗೂ ಮಾಲ್‌ಗೆ ಹೋಗುತ್ತೀರಲ್ಲ. ನನ್ನ ಹತ್ತಿರ ಇರುವುದು 80 ಕೌಂಟಿನದು. ಕೌಂಟ್ ಅಂದರೆ ನೂಲಿನ ನಂಬರ್. 840 ಗಜ ನೂಲಿನ ಸುತ್ತು ಅಂದರೆ ಒಂದು ಲಡಿ, ಅಂಥವು 80 ಸೇರಿದರೆ ಒಂದು ಪೌಂಡ್ ತೂಗುತ್ತದೆ. ನಂಬರ್ ಜಾಸ್ತಿ ಆದಷ್ಟು ನೂಲು ಸಣ್ಣ, ಸೀರೆ ಹಗುರ. ಬೇಸಿಗೆಯಲ್ಲಿ ಗಂಜಿ ಹಾಕಿ ಉಟ್ಟರೆ ನೆರಿಗೆ ಹೇಳಿದ ಹಾಗೆ ಕೇಳುತ್ತದೆ. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಗಂಜಿ ಆಗಬೇಕು. ನಾನು ಒಮ್ಮೆ ಉಳಿದದ್ದುಂಟಲ್ಲ ಎಂದು ಕುಚ್ಚಲಕ್ಕಿ ಗಂಜಿ ಹಾಕಿ ತಿಳಿ ಬಣ್ಣದ ಸೀರೆಯನ್ನು ಕೆಂಪು ಮಾಡಿದ್ದೇನೆ. ಮಳೆಗಾಲದಲ್ಲಿ ಗಂಜಿ ಬೇಡವೇ ಬೇಡ, ಬೂಷ್ಟು ಹಿಡಿಯುತ್ತದೆ.

ರೇಷ್ಮೆ ಇದ್ದರೆ ಪ್ಲಾಸ್ಟಿಕ್‌ನಿಂದ ಇವತ್ತೇ ತೆಗೆದು ಹಳೆಯ ಮುಂಡಿನಲ್ಲಿ ಸುತ್ತಿಡಿ. ಚಪ್ಪಲಿ, ಆಭರಣದ ವಿಷಯದಲ್ಲಿ ನನಗೆ ಹೆಚ್ಚು ಹೇಳಲು ಇಲ್ಲ, ಚರ್ಮದ ಚಪ್ಪಲಿ ಮಳೆಗಾಲದಲ್ಲಿ ಹೊರಗೆ ತೆಗೆಯಬೇಡಿ ಅಷ್ಟೆ. ಮದುವೆಗೆ ಏನು ಉಡುವುದು ಎಂದು ತಲೆಬಿಸಿ ಬಂದರೆ ಸಾದಾ ಸೀರೆ ಉಟ್ಟು ಮಲ್ಲಿಗೆ ಮುಡಿಯಿರಿ. ಉಡುಪಿ ಮಲ್ಲಿಗೆಯ ಒಂದು ಚೆಂಡಿನಲ್ಲಿ 800 ಹೂ ಇರುತ್ತದೆ, ಅದರ ಮುಂದೆ ಬೇರೆ ಎಂಥದ್ದೂ ಬೇಡ. ಆ ದಿನದ ರೇಟ್ ಮಾತ್ರ ಕೇಳಿಕೊಂಡು ಹೋಗಿ.

ಆಟಿ ತಿಂಗಳ (ತುಳುವರ ಆಷಾಢ) ರಿಯಾಯಿತಿ ಸೇಲ್ ಮುಗಿಯುವವರೆಗೆ ಹಂಪನಕಟ್ಟೆ ಕಡೆ ಬಟ್ಟೆಗೆಂದು ಹೋಗಬೇಡಿ. ಮೂರನೇ ಭಾನುವಾರ ಆದ ಮೇಲೆ ಹಗ್ಗದ ಫೋಟೋ ಇಲ್ಲಿ ಹಾಕಿ, ಯಾವ ಕುರ್ತಾವನ್ನು ಅಳತೆಗೆ ಕೊಡುವುದು ಎಂದು ಒಟ್ಟಿಗೆ ನೋಡುವ. ಹಗ್ಗದಿಂದ ಒಳ ಉಡುಪು ತೆಗೆದಿಟ್ಟು ಆಮೇಲೆ ಫೋಟೋ ತೆಗೆಯಿರಿ, ಗುಂಪಿನಲ್ಲಿ ಗಂಡಸರೂ ಇದ್ದಾರೆ.